ಬಣ್ಣ ಬಿಟ್ಟ ಆಕಾಶ

ನಮ್ಮ ಅತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಕಪ್ಪು ಎಂಬ ಬಣ್ಣವೇ ಇಲ್ಲ! ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ನಾನು ಊಟಕ್ಕೆ ಎಲ್ಲಿಗೆ ಹೋಗಲಿ? ಈ ಅತ್ತೆ ಗಜೇಂದ್ರಗಡದ ಪೇಟೆಯಲ್ಲಿ, ಮದುವೆಯಾಗಿ ಬಂದಾಗಿನಿಂದ, ಸೀರೆ ಅಂಗಡಿಯ ಗಾದಿಯ ಮೇಲೆ ಕೂತಿರುವವಳು. ಸುತ್ತಲಿನ ಊರುಗಳಲ್ಲಿ ಅಜ್ಜಿಗೆ, ಮಗಳಿಗೆ, ಮೊಮ್ಮಗಳಿಗೆ ಇವಳೇ ಸೀರೆ ಆರಿಸಿಕೊಟ್ಟ ಮನೆಗಳಿವೆ. ನಾನು ನರಗುಂದದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಕು ಇಲ್ಲದಿದ್ದರೆ ಕಪ್ಪು ಎಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುತ್ತೇನೆ. ಆದರೆ ಆ ಗಾದಿಯ ಎದುರು ನನ್ನ ವಿಜ್ಞಾನ ಎಷ್ಟು ಹೊತ್ತು ನಿಂತೀತು?

ಅತ್ತೆಯ ಕೊಡೆ ಕಪ್ಪಲ್ಲ, ಚಂದ್ರಕಾಳಿ ಸೀರೆಯ ಬಣ್ಣ. ಹಿತ್ತಲಿನ ಎಮ್ಮೆ ಕಪ್ಪಲ್ಲ, ಮಾಗಿದ ನೇರಳೆ ಹಣ್ಣು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೊಬ್ಬರು ಹುಡುಗಿ ಸ್ವಲ್ಪ ಕಪ್ಪು ಎಂದು ಗೊಣಗಿದಾಗ ಅತ್ತೆ ಅವರ ಕೈಯಲ್ಲಿದ್ದ ಚಹದ ಕಪ್ಪನ್ನು ವಾಪಸು ಇಸಿದುಕೊಂಡು, ಇದು ಹುರಿದ ಗೋದಿಯ ಬಣ್ಣ, ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕು ಎಂದು ತೀರ್ಪು ಕೊಟ್ಟಳು. ಆ ಸಂಬಂಧ ಕುದುರಲಿಲ್ಲ. ಬಣ್ಣದ ಹೆಸರು ಮಾತ್ರ ಉಳಿಯಿತು. ಮನೆಯಲ್ಲಿ ಇಂದಿಗೂ ನಾನು ಹುರಿದ ಗೋದಿಯೇ.

ಚಿಕ್ಕವಳಿದ್ದಾಗ ರಜೆಗೆ ಅವಳ ಮನೆಗೆ ಹೋಗಿದ್ದೆ. ಚಿತ್ರಕಲೆಯ ಮಾಸ್ತರರು ರಾತ್ರಿಯ ನೋಟವೊಂದನ್ನು ಬರೆದು ತರಲು ಹೇಳಿದ್ದರು. ಇದಕ್ಕಿಂತ ಸುಲಭದ ಕೆಲಸ ಉಂಟೆ? ಹಾಳೆಯ ತುಂಬ ಕರಿ ಬಣ್ಣ ತಿಕ್ಕಿ, ಮೂಲೆಯಲ್ಲಿ ಒಬ್ಬ ಚಂದ್ರನಿಗೆ ಜಾಗ ಬಿಟ್ಟರೆ ಮುಗಿಯಿತು. ತಿಕ್ಕುತ್ತ ಕೂತವಳ ಕೈಯಿಂದ ಅತ್ತೆ ಬಣ್ಣದ ಕಡ್ಡಿ ಕಸಿದುಕೊಂಡು ನನ್ನನ್ನು ಮಾಳಿಗೆಯ ಮೇಲೆ ಎಳೆದೊಯ್ದಳು. ಆಗಷ್ಟೇ ಕತ್ತಲು ಕವಿದಿತ್ತು. ಕಪ್ಪು ಎಲ್ಲಿದೆ ತೋರಿಸು ಎಂದಳು. ನಾನು ಎಲ್ಲ ಕಡೆಯೂ ತೋರಿಸಿದೆ. ಅವಳು ಬೆರಳು ಮಾಡಿ ಒಂದೊಂದಾಗಿ ಬಿಡಿಸಿಟ್ಟಳು: ಪಡುವಣಕ್ಕೆ ಬದನೇಕಾಯಿ, ನೆತ್ತಿಯ ಮೇಲೆ ಶಾಯಿ, ಗುಡ್ಡದ ಅಂಚಿಗೆ ನವಿಲಿನ ಕುತ್ತಿಗೆ. ಕತ್ತು ನೋಯುವ ತನಕ ನೋಡಿದ ಮೇಲೆ ನನಗೂ ಹಾಗೆಯೇ ಕಾಣತೊಡಗಿತು. ಶಾಲೆ ತೆರೆದಾಗ ನನ್ನ ಬದನೇಕಾಯಿ ರಾತ್ರಿಯನ್ನು ನೋಡಿದ ಮಾಸ್ತರರು ಇದು ರಾತ್ರಿಯೋ ಕಾಯಿಪಲ್ಲೆಯ ಸಂತೆಯೋ ಎಂದು ಕೇಳಿ ಸೊನ್ನೆ ಸುತ್ತಿದರು. ಸುದ್ದಿ ತಿಳಿದ ಅತ್ತೆ ಮಾಸ್ತರರಿಗೆ ಬಣ್ಣ ಕಲಿಸಲು ಸೀರೆಯ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಿದ್ದಳಂತೆ. ಬಸ್ಸು ತಪ್ಪಿತು, ಮಾಸ್ತರರು ಬಚಾವಾದರು.

ಅಂಗಡಿಯಲ್ಲಂತೂ ಕೇಳಬೇಡಿ. ಗಿರಾಕಿ ಬಂದು ನೀಲಿ ಸೀರೆ ತೋರಿಸಿ ಎಂದರೆ ಸಾಕು, ವಿಚಾರಣೆ ಶುರು. ಎಂಥಾ ನೀಲಿ? ಅಗಸೆ ಹೂವಿನ ನೀಲಿಯೋ, ಬಟ್ಟೆಗೆ ಹಾಕುವ ನೀಲಿಯೋ, ಮಳೆಗೆ ಮೊದಲಿನ ನೀಲಿಯೋ, ಮಳೆ ಬಂದು ಹೋದ ಮೇಲಿನದೋ? ಪಾಪ, ಸೀಮಂತಕ್ಕೆ ಒಂದು ಸೀರೆ ಒಯ್ಯಲು ಬಂದ ಹೆಂಗಸು ಇದಕ್ಕೆಲ್ಲ ಏನು ಉತ್ತರ ಕೊಟ್ಟಾಳು! ರೋಣದಿಂದ ಬಂದಿದ್ದ ಒಬ್ಬಾಕೆ ಹೀಗೆ ಒಮ್ಮೆ ಸಿಕ್ಕಿಬಿದ್ದು, ಮುಂದಿನ ಸಲ ಜಾಣತನದಿಂದ ಸಂತೆಯಲ್ಲಿ ಕೊಂಡ ಬದನೇಕಾಯಿಯನ್ನೇ ಕೈಯಲ್ಲಿ ಹಿಡಿದು ಬಂದಳು. ಇದೇ ಬಣ್ಣ ಬೇಕು ಎಂದಳು. ಅತ್ತೆ ಬದನೇಕಾಯಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಿನ್ನೀದರೀ ಅಕ್ಕಾರ, ಬಾಡೇತಿ. ತಾಜಾದು ತಗೊಂಡು ಬರ್ರಿ," ಎಂದು ಹಿಂದಕ್ಕೆ ಕೊಟ್ಟಳು.

ಇಂಥ ಕಣ್ಣಿಗೆ ಪೊರೆ ಬಂತು.

ಗದಗಿನ ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಎಡಗಣ್ಣೂ ಅದೇ ದಾರಿ ಹಿಡಿದಿದೆ ಎಂದರು. ಬಲಗಣ್ಣಿನ ಆಪರೇಷನ್ ಈಗಲೇ ಆಗಬೇಕು. ತಡ ಮಾಡಿದರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗಬಹುದು, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆ ಎಲ್ಲವನ್ನೂ ತಲೆದೂಗಿ ಕೇಳಿದಳು. ಊರಿಗೆ ಬಂದು ಆಪರೇಷನ್ ಇಲ್ಲ ಎಂದಳು.

ಮೊದಲು ಮದುವೆಯ ಸೀಜನ್ ಅಡ್ಡ ಬಂತು. ಆಮೇಲೆ ಶ್ರಾವಣ, ಒಳ್ಳೆಯ ತಿಂಗಳಲ್ಲಿ ಕಣ್ಣು ಕೊಯ್ಸಿಕೊಳ್ಳುತ್ತಾರೆಯೇ? ಆಮೇಲೆ ಪಕ್ಷಮಾಸ, ಕೆಟ್ಟ ತಿಂಗಳಲ್ಲಿ ಕೊಯ್ಸಿಕೊಳ್ಳುತ್ತಾರೆಯೇ? ನೆಪಗಳ ಗಂಟು ಖಾಲಿಯಾದಾಗ ಡಾಕ್ಟರಮ್ಮನ ಗೋಡೆಯನ್ನು ಹಿಡಿದುಕೊಂಡಳು. ಆಸ್ಪತ್ರೆಯ ಗೋಡೆಗೆ ಕಾಮಾಲೆ ಹತ್ತಿದ ಬಣ್ಣ ಹಚ್ಚಿಸಿದ್ದಾಳೆ, ಇಷ್ಟೂ ಬಣ್ಣ ತಿಳಿಯದವಳ ಕೈಯಲ್ಲಿ ನನ್ನ ಕಣ್ಣು ಕೊಡಲೇ ಎಂದು ಕೇಳಿದಳು. ನಾನು ಗೋಡೆಯನ್ನು ಗಮನಿಸಿರಲಿಲ್ಲ. ಹೀಗಾಗಿ ವಾದ ಮಾಡಲಾಗದೆ ಸೋತೆ.

ನಡುವೆ ಅಂಗಡಿಯಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು. ಅತ್ತೆ ಆನಂದ ಬಣ್ಣದ ತಿಳಿನೀಲಿ ಎಂದು ಎತ್ತಿ ಕೊಡುತ್ತಿದ್ದುದು ಬೂದು. ನೇರಳೆ ಎಂದು ಹರವುತ್ತಿದ್ದುದು ಕಂದು. ಅವಳ ಮಗ, ತಾಯಿಯ ಮುಂದೆ ಬಾಯಿ ತೆಗೆಯದ ಸಾಧು ಪ್ರಾಣಿ, ಚೀಲಕ್ಕೆ ಹಾಕುವ ನೆಪದಲ್ಲಿ ಸದ್ದಿಲ್ಲದೆ ಸರಿಯಾದ ಸೀರೆಯನ್ನು ಹಾಕಿ ಕಳಿಸುತ್ತಿದ್ದ. ಗಿರಾಕಿಗಳಿಗೂ ಗೊತ್ತು. ನರೇಗಲ್ಲಿನ ಹೆಂಗಸರು ಅತ್ತೆ ಹೇಳಿದ ಬಣ್ಣಕ್ಕೆ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಮಗನ ಕಡೆ ಕಣ್ಣು ಮಿಟುಕಿಸಿ ಹೋಗುತ್ತಿದ್ದರು. ಇಡೀ ಪೇಟೆಯೇ ಸೇರಿ ಒಬ್ಬ ಹೆಂಗಸಿನ ಮರ್ಯಾದೆ ಕಾಯುತ್ತಿತ್ತು. ಕಣ್ಣನ್ನು ಕಾಯುವವರು ಮಾತ್ರ ಯಾರೂ ಇರಲಿಲ್ಲ. ಅಕ್ಕಾ, ನೀನೇ ಏನಾದರೂ ಮಾಡು ಎಂದು ಅವನು ನನಗೆ ವಾರ ವಾರ ಫೋನು ಮಾಡುತ್ತಿದ್ದ. ನಾನು ಶನಿವಾರ ಶಾಲೆ ಮುಗಿಸಿ, ರೋಣದಲ್ಲಿ ಬಸ್ಸು ಬದಲಿಸಿ, ಗಜೇಂದ್ರಗಡಕ್ಕೆ ಹೋಗಿ ಸೋತು ಬರುತ್ತಿದ್ದೆ.

ಆ ಹೊತ್ತಿಗೆ ಸೂರತ್ತಿನಿಂದ ಒಂದು ಗಂಟು ಬಂತು.

ಒಳಗೆ ಹೊಸ ನಮೂನೆಯ ಪ್ರಿಂಟಿನ ಸೀರೆಗಳು. ಅತ್ತೆ ಒಂದನ್ನು ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ಮೂಸಿಯೂ ನೋಡಿ, ಮಾಲು ತೊಯ್ದಿದೆ ಎಂದು ಘೋಷಿಸಿದಳು. ಬಣ್ಣ ಬಿಟ್ಟಿದೆ, ಒಂದರೊಳಗೊಂದು ಇಳಿದು ಸೆರಗೆಲ್ಲ ಕದಡಿ ಹೋಗಿದೆ, ಲಾರಿಯವನು ಮಳೆಯಲ್ಲಿ ತಾಡಪತ್ರಿ ಮುಚ್ಚಿಲ್ಲ. ಕೂಡಲೇ ಸೂರತ್ತಿಗೆ ಫೋನು ಹೋಯಿತು. ಆ ಕಡೆಯ ವ್ಯಾಪಾರಿ ಹಿಂದಿಯಲ್ಲಿ, ಇದು ಜಗತ್ಪ್ರಸಿದ್ಧ ಪೇಂಟಿಂಗಿನ ಡಿಸೈನು, ಇರುವುದೇ ಹೀಗೆ ಎಂದು ಗೋಗರೆದ. ಅತ್ತೆ ತನ್ನ ಹಿಂದಿಯಲ್ಲಿ, ಪ್ರಸಿದ್ಧರಾದವರು ಬಣ್ಣ ಬಿಡಬೇಕೆಂದು ಎಲ್ಲಿದೆ ಎಂದು ಕೇಳಿದಳು. ಅವನು ಫೋನಿಟ್ಟ. ನಿಮ್ಮ ಬಳಿ ಉತ್ತರ ಇದೆಯೆ?

ಅಷ್ಟಕ್ಕೇ ಬಿಡುವವಳಲ್ಲ. ಬಕೆಟ್ಟಿನಲ್ಲಿ ಉಪ್ಪು ನೀರು ಮಾಡಿ ಒಂದು ಸೀರೆಯ ಸೆರಗನ್ನು ಅದ್ದಿಟ್ಟಳು. ಬಣ್ಣ ಬಿಡುವ ಸೀರೆಯಾದರೆ ನೀರು ಹೇಳುತ್ತದೆ. ಊಟ ಮುಗಿಸಿ ಬಂದು ನೋಡಿದರೆ ನೀರು ತಿಳಿಯಾಗಿ ಕೂತಿತ್ತು. ಬಣ್ಣ ಬಿಟ್ಟಿದೆ, ಆದರೆ ಬಿಡುತ್ತಿಲ್ಲ! ಅಂಗಡಿಯ ಇತಿಹಾಸದಲ್ಲಿ ಇಂಥ ಮಾಲು ಬಂದದ್ದು ಅದೇ ಮೊದಲು.

ಗಿರಾಕಿಗಳೂ ಅದನ್ನು ಮುಟ್ಟಲಿಲ್ಲ. ಸೆರಗಿನ ಒಂದು ಬದಿಗೆ ನೆಲದಿಂದ ಎದ್ದು ಆಕಾಶ ಮುಟ್ಟುವ ಕಡುಬಣ್ಣದ ಮರವೊಂದಿತ್ತು. ಒಬ್ಬಾಕೆ ಅದನ್ನು ನೋಡಿ, ಸೀರೆಗೆ ಬೆಂಕಿ ಹತ್ತಿದೆಯೇನ್ರಿ ಎಂದಳು. ಮೆಣಸಗಿಯ ಹೆಂಗಸೊಬ್ಬಳು ಸುಳಿಸುಳಿಯಾಗಿ ಹರಿಯುವ ಆ ಆಕಾಶವನ್ನು ನೋಡಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಮಲಪ್ರಭೆ ಮನೆಯೊಳಗೆ ಬಂದಾಗ ನೀರು ಹೀಗೇ ತಿರುಗುತ್ತಿತ್ತು, ನೋಡಿದ್ದು ಸಾಕಾಗಿದೆ, ಮೈಮೇಲೆ ಬೇರೆ ಉಟ್ಟುಕೊಳ್ಳಲೇ ಎಂದಳು. ಅತ್ತೆಯ ತವರೂ ಮೆಣಸಗಿಯೇ. ಅವಳು ಒತ್ತಾಯ ಮಾಡದೆ ಸೀರೆಯನ್ನು ಮಡಿಚಿಟ್ಟಳು.

ಆ ಶನಿವಾರ ನಾನು ಹೋದಾಗ ಸೀರೆ ಗಾದಿಯ ಮೇಲೆ ಬಿದ್ದಿತ್ತು. ನೋಡಿದ ತಕ್ಷಣ ಗುರುತು ಹತ್ತಿತು. ಯುರೋಪಿನ ಒಬ್ಬ ಚಿತ್ರಕಾರ ಹಿಂದೆ ಬರೆದ ರಾತ್ರಿಯ ಚಿತ್ರ ಅದು. ಚಹದ ಕಪ್ಪಿನ ಮೇಲೆ, ಮೊಬೈಲಿನ ಕವಚದ ಮೇಲೆ, ನಮ್ಮ ಶಾಲೆಯ ಹುಡುಗಿಯರ ಪೆನ್ಸಿಲ್ ಡಬ್ಬಿಯ ಮೇಲೆ ಎಲ್ಲ ಕಡೆ ಬಂದು ಕೂತಿದೆ. ಕೆಳಗೆ ಗುಡ್ಡದ ಬುಡದಲ್ಲಿ ಮಲಗಿದ ಸಣ್ಣ ಊರು, ಮೇಲೆ ಮಲಗಲು ಒಪ್ಪದ ಆಕಾಶ. ನಾನು ಫೋನಿನಲ್ಲಿ ಮೂಲ ಚಿತ್ರವನ್ನು ತೆಗೆದು ದೊಡ್ಡದು ಮಾಡಿ ತೋರಿಸಿದೆ. ಬಣ್ಣ ಬಿಟ್ಟದ್ದು ಲಾರಿಯಲ್ಲಿ ಅಲ್ಲ, ಅವನ ಕುಂಚದಲ್ಲೇ ಎಂದು ತಿಳಿಸಿದೆ.

ಹೇಳಿದ ಮೇಲೆ ನಾನೇ ಯೋಚನೆಗೆ ಬಿದ್ದೆ. ಅತ್ತೆ ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಚಿತ್ರದಲ್ಲಿ ಯಾವ ಬಣ್ಣವೂ ತನ್ನ ಗೆರೆಯೊಳಗೆ ಕೂತಿಲ್ಲ. ಚುಕ್ಕೆಯ ಹಳದಿ ಚುಕ್ಕೆಯಲ್ಲೇ ನಿಲ್ಲದೆ ಸುತ್ತಲಿನ ನೀಲಿಗೆ ಇಳಿಯುತ್ತದೆ, ನೀಲಿ ಹೋಗಿ ಹಳದಿಯ ಅಂಚನ್ನು ಹಸಿರು ಮಾಡುತ್ತದೆ. ಚಂದ್ರ ತನ್ನ ಬೆಳಕಿನೊಳಗೆ ತಾನೇ ನೆನೆದು ಕೂತಿದ್ದಾನೆ. ಹಾಗೆ ಇಳಿದದ್ದರಿಂದಲೇ ಅಲ್ಲವೆ ಆ ರಾತ್ರಿಗೆ ಅಷ್ಟು ಬೆಳಕು! ಹುಡುಕಿದರೂ ಅಲ್ಲಿ ಬರೀ ಕಪ್ಪಿನ ಒಂದು ಮೂಲೆ ಸಿಗುವುದಿಲ್ಲ. ನನಗೆ ಸೊನ್ನೆ ಹಾಕಿದ ಮಾಸ್ತರರು ಈ ಮನುಷ್ಯನಿಗೆ ಎಷ್ಟು ಹಾಕುತ್ತಿದ್ದರೋ.

ಅತ್ತೆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ಆಮೇಲೆ ಎರಡು ಮಾತು ಹೇಳಿದಳು. ಎರಡಕ್ಕೂ ನಾನು ಬೆಚ್ಚಿದೆ. ಮೊದಲನೆಯದು, ಆಕಾಶಕ್ಕೆ ಯಾರಾದರೂ ಪಾಚಿಯ ಬಣ್ಣ ಹಚ್ಚುತ್ತಾರೆಯೇ ಎಂದು. ಎರಡನೆಯದನ್ನು ಅವಳ ಮಾತಿನಲ್ಲೇ ಕೇಳಿ.

"ಬಣ್ಣಾ ಅಷ್ಟ ಕೆಟ್ಟಾವು. ಚುಕ್ಕಿ ಮಾತ್ರ ಹ್ಯಾಂಗ ಅದಾವ, ಹಂಗ ತಗದಾನ ನೋಡು."

ಜಗತ್ತೆಲ್ಲ ಆ ಚುಕ್ಕೆಗಳನ್ನು ನೋಡಿ ಬೆರಗಾಗಿದೆ. ಇಷ್ಟಿಷ್ಟು ದಪ್ಪ, ಸುತ್ತಲೂ ಉಂಗುರ ಉಂಗುರ ಬೆಳಕು, ಎಲ್ಲಿಂದ ಬಂತು ಈ ಕಲ್ಪನೆ ಎಂದು ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಅತ್ತೆಗೆ ಮಾತ್ರ ಅದರಲ್ಲಿ ವಿಶೇಷವೇ ಕಾಣಲಿಲ್ಲ! ಆಗ ನನ್ನ ವಿಜ್ಞಾನಕ್ಕೆ ಎಚ್ಚರವಾಯಿತು. ಕಣ್ಣಿನ ಮಸೂರ ಮಸುಕಾದರೆ ಬೆಳಕು ಚೆದುರಿ ದೀಪದ ಸುತ್ತ ಬಳೆ ಕಾಣುತ್ತದೆ. ಮಸೂರ ಹಳದಿಯಾದರೆ ನೀಲಿ ಸಾಯುತ್ತದೆ. ಪಾಠ ಮಾಡುವಾಗ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಅತ್ತೆಗೆ ಉಳಿದಿದ್ದ ಆ ಎಡಗಣ್ಣಿನಲ್ಲಿ ಆಕಾಶ ಪ್ರತಿ ಸಂಜೆ ಹೀಗೆ ಕಾಣುತ್ತಿತ್ತು, ನೀಲಿ ಇಲ್ಲದೆ, ಉಂಗುರಗಳ ಸಮೇತ.

ಅವಳು ಇನ್ನೂ ಚಿತ್ರದಲ್ಲೇ ಇದ್ದಳು. ಕೆಳಗಿನ ಊರಿನ ಸಣ್ಣ ಸಣ್ಣ ಕಿಟಕಿಗಳಲ್ಲಿ ಹಳದಿ ಬೆಳಕಿದೆಯಲ್ಲ, ಅದರ ಮೇಲೆ ಬೆರಳಿಟ್ಟು, ಈ ಮನೆಯವರು ಇನ್ನೂ ದೀಪ ದೊಡ್ಡದು ಮಾಡಿಲ್ಲ ಎಂದಳು. ನಮ್ಮ ಕಡೆ ದೀಪವನ್ನು ಆರಿಸು ಎನ್ನುವುದು ಅಶುಭ. ಕುಂಕುಮ ತೀರಿದರೆ ಹೆಚ್ಚಾಯಿತು ಎನ್ನುತ್ತೇವೆ, ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಎನ್ನುತ್ತೇವೆ. ನಾನು ಕೆಳಗಿನ ಕಿಟಕಿಯಿಂದ ಮೇಲಿನ ಚುಕ್ಕೆಗೆ, ಚುಕ್ಕೆಯಿಂದ ಕಿಟಕಿಗೆ ನೋಡಿದೆ. ಊರಲ್ಲಿ ದೊಡ್ಡದು ಮಾಡಿದ ದೀಪಗಳೆಲ್ಲ ಮೇಲೆ ಹೋಗಿ ನಿಜವಾಗಿಯೂ ದೊಡ್ಡವಾಗಿದ್ದವು. ಅಜ್ಜಿಯರು ಬಾಯಿಮಾತಿಗೆ ಆಡುತ್ತಿದ್ದುದನ್ನು ಈ ಚಿತ್ರಕಾರ ಬಣ್ಣದಲ್ಲಿ ನಂಬಿ ಕೂತಿದ್ದ ಎನ್ನಿಸಿತು.

ಯಾರವನು ಎಂದು ಅತ್ತೆ ಕೇಳಿದಳು. ಮನಸ್ಸಿಗೆ ಬೇನೆ ಬಂದು ದವಾಖಾನೆ ಸೇರಿದ್ದವನು, ಅಲ್ಲಿನ ಕಿಟಕಿಯಿಂದ ಕಂಡ ಆಕಾಶವನ್ನೇ ಬರೆದ ಎಂದೆ. ಈ ಊರಿನ ದೀಪಗಳು ಅಲ್ಲಿಂದ ಕಾಣುತ್ತಿರಲಿಲ್ಲವಂತೆ, ಮನಸ್ಸಿನಿಂದ ಇಟ್ಟದ್ದಂತೆ ಎಂದೂ ಸೇರಿಸಿದೆ. ಅತ್ತೆ ಲೊಚಗುಟ್ಟಿದಳು. ಕಾಣದ್ದನ್ನು ಇಟ್ಟದ್ದಕ್ಕೆ ಅವನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮಗ ಅಂಗಡಿಯ ದೀಪ ಹಚ್ಚಿದ. ಅವಳು ಆ ಬಲ್ಬಿನ ಕಡೆ ತಿರುಗಿ, ಅದರ ಸುತ್ತ ಏನನ್ನೋ ನೋಡುತ್ತ ತಾನಾಗಿಯೇ ಮಾತಾಡತೊಡಗಿದಳು.

"ಅವ್ವಗ ಕಣ್ಣು ಹೋದಾಗ ನಾ ಇನ್ನೂ ಲಂಗಾ ಉಡಾಕಿ. ಯಾವುದೋ ಕ್ಯಾಂಪಿನಾಗ ಆಪರೇಷನ್ ಮಾಡಿಸಿದ್ರು, ಇದ್ದದ್ದೂ ಹೋತು. ದಿನಾ ಸಂಜಿಮುಂದ ಕಟ್ಟಿ ಮ್ಯಾಲ ಕುಂತು, ಆಕಾಶ ಎಂಥಾ ಬಣ್ಣ ಐತಿ ಹೇಳು ಅನ್ನಾಕಿ. ನೀಲಿ ಐತಿ ಅಂದ್ರ ಬಿಡ್ತಿರಲಿಲ್ಲ. ಎಂಥಾ ನೀಲಿ ಅನ್ನಾಕಿ. ನಾ ಹುಡುಕಿ ಹುಡುಕಿ ಹೇಳಬೇಕು. ಅಕಿ ನೋಡಿದ್ದು, ಅಕಿಗೆ ನೆನಪಿರೂದು ಹೇಳಬೇಕು."

ಅಜ್ಜಿಗೆ ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಅಪ್ಪ ಹೇಳಿದ್ದು ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲೇ ಹೋದವಳು, ನಾನು ಹೆಚ್ಚು ಕೇಳಿರಲಿಲ್ಲ. ಬದನೇಕಾಯಿ, ಅಗಸೆ ಹೂವು, ನವಿಲಿನ ಕುತ್ತಿಗೆ, ಊರೆಲ್ಲ ನಗುವ ಆ ಹೆಸರುಗಳು ಯಾರಿಗಾಗಿ ಹುಟ್ಟಿದವು ಎಂದು ಆಗ ತಿಳಿಯಿತು. ಆಪರೇಷನ್ನಿಗೆ ಹೆದರುವುದು ಈ ಕಾರಣಕ್ಕೋ, ಈಗಿನ ಕಾಲ ಹಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಅಂಜಿಕೆ ಇಲ್ಲವೇ ಇಲ್ಲ ಎನ್ನುವುದಿಲ್ಲ, ಆದರೆ ಮಾತು ಅದಲ್ಲ ಎಂದಳು.

"ಒಂದಿನ ಕೇಳಿದ್ಲು, ಚುಕ್ಕಿ ಎಷ್ಟು ದೊಡ್ಡವು ಅದಾವ ಅಂತ. ಸಣ್ಣವು ಅನ್ನಾಕ ಬಾಯಿ ಬರಲಿಲ್ಲ. ರೊಟ್ಟಿಯಷ್ಟು ದೊಡ್ಡವು ಅದಾವ, ಸುತ್ತಲೂ ಬೆಳಕಿನ ಬಳಿ ತೊಟ್ಟಾವ ಅಂದೆ. ಅವ್ವ ನಕ್ಕಳು. ಕಣ್ಣು ಹೋದ ಮ್ಯಾಲ ಹಂಗ ನಕ್ಕಿದ್ದಿಲ್ಲ. ಆಮ್ಯಾಲ ದಿನಾ ಅದನ್ನ ಕೇಳಾಕಿ, ನಾ ದಿನಾ ಅದನ್ನ ಹೇಳಾಕಿ. ಅಕಿ ಹೋಗೂತನಕಾ ಹಿಂಗ ನಡೀತು."

ಬಲ್ಬಿನಿಂದ ಕಣ್ಣು ತೆಗೆಯದೆ ಮುಂದುವರಿಸಿದಳು.

"ಈಗ ನನಗ ಹಂಗ ಕಾಣಾಕತ್ತಾವ, ತಂಗಿ. ಖರೇನ ಬಳಿ ತೊಟ್ಟಾವ. ಅವ್ವಗ ಹೇಳಿದ್ದು ಸುಳ್ಳ ಅಲ್ಲ ಅನ್ನೂವಂಗ ಆಗೇತಿ. ಅದನ್ನ ಕೊಯ್ಸಿ ತಗಸು ಅಂತೀರಿ ನೀವು."

ಪೊರೆ, ಮಸೂರ, ಒತ್ತಡ ಎಂದು ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಂಥದಕ್ಕೆ ಉತ್ತರ ಯಾವ ಪಠ್ಯಪುಸ್ತಕದಲ್ಲಿದೆ? ಆದರೆ ಉತ್ತರ ಕೊಡದೆ ಎದ್ದು ಹೋದರೆ ಆ ಕಣ್ಣು ಉಳಿಯುವುದಿಲ್ಲ. ಗಾದಿಯ ಮೇಲಿದ್ದ ಸೀರೆಯ ಸೆರಗನ್ನು ಎಳೆದು ಅವಳ ತೊಡೆಯ ಮೇಲೆ ಹರವಿದೆ. ಇದು ಯಾವ ಬಣ್ಣ ಎಂದು ಕೇಳಿದೆ. ಪಾಚಿ, ಎಷ್ಟು ಸಲ ಹೇಳಲಿ ಎಂದಳು.

"ಅತ್ತಿ, ಇದು ನವಿಲಿನ ಕುತ್ತಿಗಿ," ಎಂದೆ.

ಚೇಷ್ಟೆ ಮಾಡಬೇಡ ಎಂದು ಗದರಿದಳು. ನಾನು ಗದರಿಸಿಕೊಂಡೇ ಕೇಳಿದೆ.

"ಚುಕ್ಕಿ ಮಾತು ಬ್ಯಾರೆ. ಬಣ್ಣದಾಗ ನೀ ಎಂದಾದ್ರೂ ಅಜ್ಜಿಗೆ ಸುಳ್ಳ ಹೇಳಿದ್ದೇನು?"

"ಒಂದು ಮಾತೂ ಹೇಳಿಲ್ಲ," ಎಂದಳು. ದನಿ ಗಟ್ಟಿಯಾಗಿತ್ತು.

"ಈಗ ಹೇಳಾಕತ್ತಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ಮಗನ ಕಡೆ ತಿರುಗಿ, ನೀ ಹೇಳೋ, ಇದು ಎಂಥಾ ಬಣ್ಣ ಎಂದಳು. ಆ ಸಾಧು ಪ್ರಾಣಿ ನೆಲ ನೋಡುತ್ತ ನಿಂತ. ಒಬ್ಬ ಮಗ ತಾಯಿಯ ಎದುರು ಅಷ್ಟು ಹೊತ್ತು ನೆಲ ನೋಡಿದರೆ ಆ ತಾಯಿಗೆ ಏನೇನು ತಿಳಿಯಬೇಕೋ ಅಷ್ಟೂ ತಿಳಿಯುತ್ತದೆ. ನೀಲಿಯೂ ತಿಳಿಯಿತು, ಚೀಲಗಳಲ್ಲಿ ಬದಲಾದ ಸೀರೆಗಳೂ ತಿಳಿದವು. ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿದಳು. ಕಾಣದಿದ್ದರೂ ಅವಳ ಮಡಿಕೆ ಒಂದು ಎಳೆಯೂ ಆಚೀಚೆ ಆಗುವುದಿಲ್ಲ. ಗದಗಿಗೆ ಎಂದು ಹೋಗೋಣ ಎಂದು ಕೇಳಿದಳು.

ಆಪರೇಷನ್ ಸುಸೂತ್ರವಾಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಬೆರಳು ತೋರಿಸಿ ಎಷ್ಟು ಎಂದು ಕೇಳಿದರೆ ಅತ್ತೆ ಅವರ ಭುಜದಾಚೆ ಗೋಡೆಯನ್ನೇ ನೋಡುತ್ತಿದ್ದಳು. ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಬಿಳಿ ಬಣ್ಣ ಹೊಡೆಸಿಬಿಟ್ಟಿರೇನು, ಚಲೋ ಆಯಿತು ಎಂದಳು. ಡಾಕ್ಟರಮ್ಮ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಗೋಡೆ ಮೊದಲಿನಿಂದಲೂ ಬಿಳಿಯದೇ!

ಊರಿಗೆ ಬಂದು ಆ ಸೀರೆಯನ್ನು ತರಿಸಿ ಬಿಡಿಸಿದಳು. ನಾವು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆವು. ಬಹಳ ಹೊತ್ತು ಕೈಯಾಡಿಸಿದಳು. ನವಿಲಿನ ಕುತ್ತಿಗೆಯಲ್ಲ ಎಂದಳು, ಆಪರೇಷನ್ ಕೆಟ್ಟಿತೇ ಎಂದು ನಾನು ಅವಳ ಮಗನ ಕಡೆ ನೋಡಿದೆ. ಮೇಲೆ ಶಾಯಿ, ನಡುವೆ ಅಗಸೆ ಹೂವು, ಗುಡ್ಡದ ಹತ್ತಿರ ಹೊಳೆ ತಿಳಿಯಾದ ಮೇಲಿನ ನೀಲಿ, ಅಂಚಿಗಷ್ಟೇ ನವಿಲಿನ ಕುತ್ತಿಗೆ, ನಿನಗೆ ಇನ್ನೂ ಬಣ್ಣ ತಿಳಿಯುವುದಿಲ್ಲ ಎಂದು ನನ್ನನ್ನೇ ಬೈದಳು. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಮುಂದಿನ ವಾರದಿಂದ ಕಪ್ಪು ಕನ್ನಡಕ, ಕ್ಷಮಿಸಿ, ಚಂದ್ರಕಾಳಿ ಕನ್ನಡಕ ಹಾಕಿಕೊಂಡು ಗಾದಿಯ ಮೇಲೆ ಕೂತು, ಅದೇ ಗಂಟಿನ ಸೀರೆಗಳನ್ನು ಒಂದೊಂದಾಗಿ ಮಾರಿದಳು. ಬಣ್ಣ ಬಿಟ್ಟಿದೆಯಲ್ಲರೀ ಎಂದ ಗಿರಾಕಿಗೆ, ಬಿಟ್ಟರೇನೇ ಬೆಳಕು ಎಂದು ಸೂರತ್ತಿನವನ ಪರವಾಗಿ ವಾದಿಸಿದಳಂತೆ.

ಎಲ್ಲ ಸರಿಹೋಯಿತು ಎಂದು ನಾನು ನಿರಾಳವಾಗಿದ್ದೆ. ಒಂದು ಸಂಗತಿ ಮಾತ್ರ ಕಣ್ಣಿಗೆ ಬಿತ್ತು. ಹೊತ್ತು ಮುಳುಗಿದ ಮೇಲೂ ಅತ್ತೆ ಕನ್ನಡಕ ತೆಗೆಯುತ್ತಿರಲಿಲ್ಲ. ಡಾಕ್ಟರು ಹೇಳಿದ ದಿನಗಳು ಮುಗಿದಿದ್ದರೂ ತೆಗೆಯುತ್ತಿರಲಿಲ್ಲ. ಸಂಜೆ ಅಂಗಳಕ್ಕೆ ಬಂದರೆ ತಲೆ ತಗ್ಗಿಸಿ ನಡೆಯುತ್ತಿದ್ದಳು.

ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದ ನನ್ನ ಹಿಂದೆಯೇ ಅವಳೂ ಹತ್ತಿ ಬಂದಳು. ಪಡುವಣದ ಕೆಂಪು ಅಳಿಸಿ ಗುಡ್ಡದ ಮೇಲೆ ಮೊದಲ ಚುಕ್ಕೆಗಳು ಮೂಡಿದ್ದವು. ಅತ್ತೆ ಗೋಡೆ ಹಿಡಿದು ನಿಂತು, ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ. ತಲೆ ಎತ್ತಿದಳು.

"ಸಣ್ಣವು ಅದಾವ," ಎಂದಳು.

ನಾನು ಬಟ್ಟೆ ಮಡಿಚುತ್ತ ನಿಂತೆ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಉಳಿದ ಆ ಹಳೆಯ ಕಣ್ಣಿನಿಂದ ಅದೇ ಆಕಾಶವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಅವು ಇನ್ನೂ ದೊಡ್ಡವಿದ್ದವು, ಬಳೆ ತೊಟ್ಟುಕೊಂಡೇ ಇದ್ದವು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ನಾಳೆಯಿಂದ ಇರುವುದಿಲ್ಲ. ಆಮೇಲೆ ಕೈ ಕೆಳಗಿಳಿಸಿ ನನ್ನ ಹತ್ತಿರ ಬಂದು, ಕೆಳಗೆ ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದಳು.

"ನಾಳಿಗೆ ಇದೂ ಆಗಲಿ. ಅವ್ವಗ ಮಾತ್ರ ಹೇಳಬ್ಯಾಡ."

"ಹೇಳೂದಿಲ್ಲ, ಅತ್ತಿ," ಎಂದೆ.